ಡಾಕ್ಟರ್‌ಗಳ ಅಸೋಸಿಯೇಷನ್‌ನಲ್ಲಿ ಎಕ್ಸಿಕ್ಯೂಟಿವ್ ಅಸಿಸ್ಟೆಂಟ್ ಕೆಲ್ಸ, ಒಪ್ಕೋಬಹುದಾ?

ಪ್ರಶ್ನೆ: ನಾನು ತುಮಕೂರಿನವಳು, ಬಿ.ಕಾಂ ಆಗಿದೆ, ಬೆಂಗಳೂರಲ್ಲಿ ಒಂದು ಖಾಸಗಿ ಆಸ್ಪತ್ರೆಯ ಫ್ರಂಟ್ ಆಫೀಸಲ್ಲಿದೀನಿ. ಈಗ ಸ್ಪೆಷಲಿಸ್ಟ್ ಡಾಕ್ಟರ್‌ಗಳ ಒಂದು ರಾಜ್ಯ ಮಟ್ಟದ ಅಸೋಸಿಯೇಷನ್‌ನಿಂದ ಎಕ್ಸಿಕ್ಯೂಟಿವ್ ಅಸಿಸ್ಟೆಂಟ್ ಕೆಲ್ಸಕ್ಕೆ ಕರೀತಿದಾರೆ. ಲಾಭದ ಉದ್ದೇಶ ಇಲ್ಲದ ಸಂಸ್ಥೆ, ಆಫೀಸಲ್ಲಿ ಇರೋದೇ ಮೂರು ಜನ, ಸಂಬಳ ಈಗಿನದಕ್ಕಿಂತ ಸ್ವಲ್ಪನೇ ಜಾಸ್ತಿ. ಪ್ರೆಸಿಡೆಂಟ್ ಡೈರಿ ನೋಡ್ಕೊಳ್ಳೋದು, ಮೀಟಿಂಗ್ ಅರೇಂಜ್ ಮಾಡೋದು ಅಂದ್ರು. ಇಷ್ಟೇನಾ ಕೆಲ್ಸ? ಮುಂದೆ ಭವಿಷ್ಯ ಇದ್ಯಾ?

ಉತ್ತರ: ಡೈರಿ ನೋಡ್ಕೊಳ್ಳೋದು ಅಂತ ಅವರು ಹೇಳಿದ್ದು ಸುಳ್ಳಲ್ಲ, ಆದ್ರೆ ಕೆಲ್ಸದಲ್ಲಿ ಅದು ನಾಲ್ಕಾಣೆ ಭಾಗನೂ ಅಲ್ಲ. ನಾನು ಇಂಥ ಆಫೀಸುಗಳಲ್ಲೇ ಕೆಲ್ಸ ಮಾಡ್ಕೊಂಡು ಬಂದವಳು, ಈಗ ಹೊಸಬರಿಗೆ ಹೇಳ್ಕೊಡ್ತೀನಿ, ಹಂಗಾಗಿ ಸ್ವಲ್ಪ ಉದ್ದಾನೇ ಬರೀತೀನಿ, ಬೇಜಾರಾಗ್ಬೇಡಿ.

ಮೊದ್ಲು ಒಂದು ವಿಷಯ. ಕಂಪನಿಯಲ್ಲಿ ಎಂ.ಡಿ.ಗೆ ಅಸಿಸ್ಟೆಂಟ್ ಆದ್ರೆ ಆ ಎಂ.ಡಿ. ವರ್ಷಾನುಗಟ್ಟಲೆ ಅಲ್ಲೇ ಇರ್ತಾರೆ, ಅವರ ಮೂಡು, ಅವರ ಸಿಟ್ಟು, ಯಾರ ಫೋನ್ ಕೊಡ್ಬೇಕು ಯಾರದ್ದು ಕೊಡಬಾರ್ದು, ಎಲ್ಲಾ ರೂಢಿ ಆಗ್ಬಿಡತ್ತೆ. ಡಾಕ್ಟರ್‌ಗಳ ಅಸೋಸಿಯೇಷನ್ ಹಂಗಲ್ಲ. ಬಹಳ ಕಡೆ ಪ್ರೆಸಿಡೆಂಟ್ ಅವಧಿ ಒಂದೇ ವರ್ಷ, ಸೆಕ್ರೆಟರಿ ಟ್ರೆಜರರ್ ಇನ್ನೊಂದೆರಡು ವರ್ಷ ಜಾಸ್ತಿ ಇರಬಹುದು ಅಷ್ಟೇ. ಇವರ್ಯಾರಿಗೂ ಅಸೋಸಿಯೇಷನ್‌ನಿಂದ ಸಂಬಳ ಇಲ್ಲ, ಬೆಳಗ್ಗೆ ಓಪಿಡಿ, ಮಧ್ಯಾಹ್ನ ಓಟಿ (ಆಪರೇಷನ್ ಥಿಯೇಟರ್), ಸಾಯಂಕಾಲ ಸ್ವಂತ ಕ್ಲಿನಿಕ್, ಎಲ್ಲಾ ಮುಗಿಸಿ ರಾತ್ರಿ ಒಂಬತ್ತೂವರೆಗೆ ಕಾರಲ್ಲಿ ಮನೆಗೆ ಹೋಗ್ತಾ ನಿಮಗೆ ಫೋನ್ ಮಾಡ್ತಾರೆ. ಹೋದ ವರ್ಷದ ಕಮಿಟಿ ಏನು ಒಪ್ಕೊಂಡಿತ್ತು, ಎಫ್‌ಡಿ ಯಾವ ಬ್ಯಾಂಕಲ್ಲಿದೆ, ಬೈಲಾ (ಸಂಘದ ನಿಯಮಾವಳಿ) ಯಾವಾಗ ತಿದ್ದುಪಡಿ ಆಯ್ತು, ಇದೆಲ್ಲಾ ಹೊಸ ಪ್ರೆಸಿಡೆಂಟ್‌ಗೆ ಗೊತ್ತಿರಲ್ಲ, ಗೊತ್ತಿರೋದು ನಿಮಗೆ. ಅಂದ್ರೆ ನೀವು ಆ ಡಾಕ್ಟರ್‌ಗೆ ಅಸಿಸ್ಟೆಂಟ್ ಅಲ್ಲ, ಆ ಕುರ್ಚಿಗೆ ಅಸಿಸ್ಟೆಂಟ್. ಈ ಕೆಲ್ಸದಲ್ಲಿ ನಿಲ್ಲೋರು ಯಾರು, ಆರು ತಿಂಗಳಿಗೇ ಬಿಟ್ಟು ಹೋಗೋರು ಯಾರು ಅನ್ನೋದೆಲ್ಲಾ ಇದು ಅರ್ಥ ಆಗಿದ್ಯಾ ಇಲ್ವಾ ಅನ್ನೋದ್ರ ಮೇಲೇ ನಿಂತಿದೆ.

ಯಾಕಂದ್ರೆ ಹೊಸ ಪ್ರೆಸಿಡೆಂಟ್ ಬಂದ ತಕ್ಷಣ ಹಳೇ ಪ್ರೆಸಿಡೆಂಟ್ ಫೋನ್ ಮಾಡೋದು ನಿಲ್ಸಲ್ಲ. ಪಾಸ್ಟ್ ಪ್ರೆಸಿಡೆಂಟ್‌ಗಳು ಅಂತ ಒಂದು ದೊಡ್ಡ ಬಳಗನೇ ಇರತ್ತೆ, ಎಲ್ಲಾ ಹಿರಿಯರು, ಎಲ್ಲರಿಗೂ ನಿಮ್ಮ ಮೇಲೆ ಸಲಿಗೆ, "ಏನಮ್ಮಾ ಆ ಫೈಲ್ ಸ್ವಲ್ಪ ಕಳ್ಸು" ಅಂತಾರೆ. ಗೌರವ ಎಲ್ರಿಗೂ ಕೊಡಿ, ಫೈಲ್ ಮಾತ್ರ ಈಗಿನ ಸೆಕ್ರೆಟರಿ ಓಕೆ ಅಂದ್ಮೇಲೆ ಕಳ್ಸಿ. "ಸರ್, ಸೆಕ್ರೆಟರಿ ಮೇಡಂಗೆ ಒಂದ್ ಮಾತು ಹೇಳಿ ಈಗ್ಲೇ ಕಳ್ಸ್ತೀನಿ" ಅಂದ್ರೆ ಯಾರೂ ತಪ್ಪು ತಿಳ್ಕೊಳ್ಳಲ್ಲ, ತಿಳ್ಕೊಂಡ್ರೂ ನಿಮ್ಮ ಹತ್ರ ಹೇಳಲ್ಲ.

ಈಗ ಡೈರಿ ವಿಷಯ. ಸರ್ಜನ್‌ಗೆ ಉದ್ದ ಮೆಸೇಜ್ ಹಾಕಿದ್ರೆ ಉತ್ತರ ಬರಲ್ಲ, ಎರಡು ಕೇಸ್ ಮಧ್ಯೆ ಗ್ಲೌಸ್ ಬಿಚ್ಚಿ ಫೋನ್ ನೋಡೋರಿಗೆ ಒಂದು ಬೆರಳಲ್ಲಿ ಉತ್ತರ ಕೊಡೋ ಹಾಗಿರ್ಬೇಕು. "ಸರ್, ಇಸಿ ಮೀಟಿಂಗ್ ಶನಿವಾರ ರಾತ್ರಿ 8ಕ್ಕಾ ಅಥವಾ ಭಾನುವಾರ ಬೆಳಗ್ಗೆ 10ಕ್ಕಾ? 1 ಅಥವಾ 2 ಅಂತ ಹಾಕಿ ಸಾಕು" ಹೀಗೆ (ಇಸಿ ಅಂದ್ರೆ ಎಕ್ಸಿಕ್ಯೂಟಿವ್ ಕಮಿಟಿ, ಸಂಘದ ಕಾರ್ಯಕಾರಿ ಸಮಿತಿ). ಅವರ ಓಟಿ ದಿನ ಯಾವುದು, ಯಾವ ಆಸ್ಪತ್ರೆಯಲ್ಲಿ ಯಾವ ವಾರ ಅನ್ನೋದು ನಿಮ್ಮ ಹತ್ರ ಬರೆದಿರ್ಬೇಕು, ಮತ್ತೆ ಅವರ ಕ್ಲಿನಿಕ್ ರಿಸೆಪ್ಷನಿಸ್ಟ್ ಹಾಗೂ ಡ್ರೈವರ್ ಇಬ್ಬರ ನಂಬರ್ ಇಟ್ಕೊಳ್ಳಿ, ಮಿನಿಸ್ಟರ್ ಆಫೀಸಿಂದ ದಿಢೀರ್ ಕರೆ ಬಂದಾಗ ಡಾಕ್ಟರ್ ಸಿಗಲ್ಲ, ಡ್ರೈವರ್ ಸಿಗ್ತಾರೆ. ಆಸ್ಪತ್ರೆ ಫ್ರಂಟ್ ಆಫೀಸಲ್ಲಿದ್ದ ನಿಮಗೆ ಈ ಭಾಗ ಸಲೀಸು.

ಮಿನಿಟ್ಸ್, ಅಂದ್ರೆ ಮೀಟಿಂಗಲ್ಲಿ ಏನು ತೀರ್ಮಾನ ಆಯ್ತು ಅಂತ ಬರೆದಿಡೋದು, ಸಲೀಸಲ್ಲ. ರಾತ್ರಿ ಎಂಟಕ್ಕೆ ಅಂತ ಕರೆದ ಇಸಿ ಮೀಟಿಂಗ್ ಎಂಟೂ ಮುಕ್ಕಾಲಿಗೆ ಶುರುವಾಗತ್ತೆ, ಅರ್ಧ ಜನ ಜೂಮಲ್ಲಿ, ಒಬ್ರು ಏರ್‌ಪೋರ್ಟಲ್ಲಿ, ಒಬ್ರು ಮ್ಯೂಟ್ ತೆಗೆಯದೇ ಹತ್ತು ನಿಮಿಷ ಮಾತಾಡಿರ್ತಾರೆ. ಮಾತೆಲ್ಲಾ ಒಂದ್ರೊಳಗೊಂದು ಕಲಸಿರತ್ತೆ. ಕೊನೆಗೆ "ಆಯ್ತು ಆಯ್ತು ಮಾಡಿ" ಅಂದು ಮುಗಿಸ್ತಾರೆ. ಏನು ಮಾಡಿ? ಎಷ್ಟು ದುಡ್ಡಲ್ಲಿ ಮಾಡಿ? ಯಾರು ಮಾಡೋದು? ಅದನ್ನ ಅಲ್ಲೇ, ಮೀಟಿಂಗ್ ಮುಗಿಯೋ ಮುಂಚೆನೇ, ನೀವು ಬಾಯಿ ಬಿಟ್ಟು ಕೇಳ್ಬೇಕು. "ಸರ್, ವೆಬ್‌ಸೈಟ್‌ಗೆ ಎರಡು ಲಕ್ಷದವರೆಗೆ ಖರ್ಚು ಮಾಡಬಹುದು, ಮೂರು ಕೊಟೇಶನ್ ತಗೋಬೇಕು, ಟ್ರೆಜರರ್ ಫೈನಲ್ ಮಾಡ್ತಾರೆ, ಹೀಗೆ ಬರ್ಕೊಳ್ಲಾ?" ಅಂತ. ಸೂಚಿಸಿದವರು ಯಾರು, ಅನುಮೋದಿಸಿದವರು ಯಾರು, ಮೊತ್ತ ಎಷ್ಟು, ಯಾವ ತಾರೀಕಿನೊಳಗೆ, ಕೋರಮ್ (ಸಭೆಗೆ ಬೇಕಾದಷ್ಟು ಜನ) ಇತ್ತಾ, ಇಷ್ಟಿದ್ರೆ ಸಾಕು, ಯಾರು ಯಾರಿಗೆ ಬೈದ್ರು ಅನ್ನೋದು ಬೇಡವೇ ಬೇಡ. ಡ್ರಾಫ್ಟನ್ನ ಮೂರು ದಿನದೊಳಗೆ ಸೆಕ್ರೆಟರಿಗೆ ಕಳ್ಸಿ, ತಡ ಆದಷ್ಟೂ ಪ್ರತಿಯೊಬ್ಬರ ನೆನಪು ಅವರವರಿಗೆ ಬೇಕಾದ ಕಡೆ ಹೋಗ್ತಾ ಇರತ್ತೆ. ಬ್ಯಾಂಕ್ ಸಿಗ್ನೇಟರಿ ಬದಲಾಯಿಸೋಕೆ ಹೋದಾಗ ಬ್ಯಾಂಕಿನವರು ಕೇಳೋದು ಇದೇ ಮಿನಿಟ್ಸಿನ ರೆಸಲ್ಯೂಶನ್ ಕಾಪಿ, ಅದು ಸರಿ ಇಲ್ಲ ಅಂದ್ರೆ ಹೊಸ ಟ್ರೆಜರರ್ ಬಂದು ಎರಡು ತಿಂಗಳಾದ್ರೂ ಚೆಕ್ಕಿಗೆ ಹಳಬರೇ ಸಹಿ ಹಾಕ್ತಾ ಇರ್ತಾರೆ.

ಕಾನೂನು ಕಡೆಗೆ ಬರೋಣ, ಬಿ.ಕಾಂ ಓದಿದೀರ, ಇಲ್ಲೇ ನಿಮಗೆ ಲಾಭ. ನಮ್ಮಲ್ಲಿ ಇಂಥ ಅಸೋಸಿಯೇಷನ್‌ಗಳು ಹೆಚ್ಚಾಗಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಕೆಳಗೆ ರಿಜಿಸ್ಟರ್ ಆಗಿರ್ತಾವೆ. ವರ್ಷಕ್ಕೊಂದು ಸರ್ವಸದಸ್ಯರ ಸಭೆ ಆಗ್ಲೇಬೇಕು, ಎರಡು ಸಭೆಗಳ ನಡುವೆ 15 ತಿಂಗಳಿಗಿಂತ ಜಾಸ್ತಿ ಆಗಬಾರ್ದು, ಸಭೆ ಆದ 14 ದಿನದೊಳಗೆ ಹೊಸ ಕಮಿಟಿಯವರ ಹೆಸರು, ವಿಳಾಸ, ಆಡಿಟ್ ಆದ ಲೆಕ್ಕಪತ್ರ ಎಲ್ಲಾ ರಿಜಿಸ್ಟ್ರಾರ್ ಆಫೀಸಿಗೆ ಸಲ್ಲಿಸ್ಬೇಕು. ಇದನ್ನ ಸೆಕ್ರೆಟರಿ ಮಾಡ್ತಾರೆ ಅಂತ ಬೈಲಾದಲ್ಲಿರತ್ತೆ, ನಿಜವಾಗ್ಲೂ ಮಾಡೋದು ಅಥವಾ ಮರೆಯೋದು ಆಫೀಸು. ಎಷ್ಟೋ ಹಳೇ ಸಂಘಗಳಲ್ಲಿ ನಾಲ್ಕೈದು ವರ್ಷದ ಫೈಲಿಂಗ್ ಬಾಕಿ ಬಿದ್ದಿರತ್ತೆ, ಯಾರಿಗೂ ಗೊತ್ತೇ ಇರಲ್ಲ, ಯಾವುದೋ ಸೈಟ್ ಅಥವಾ ಬ್ಯಾಂಕ್ ಕೆಲ್ಸಕ್ಕೆ ನವೀಕರಣದ ಪ್ರತಿ ಕೇಳಿದಾಗ ಹೊರಗೆ ಬರತ್ತೆ. ಸೇರಿದ ಮೊದಲ ವಾರದಲ್ಲೇ ರಿಜಿಸ್ಟ್ರೇಶನ್ ಸರ್ಟಿಫಿಕೇಟ್, ಬೈಲಾ, ಪ್ಯಾನ್, 12ಎ (ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದಾನ ಕೊಟ್ಟವರಿಗೆ ತೆರಿಗೆ ರಿಯಾಯಿತಿ), ಜಿಎಸ್‌ಟಿ, ಕಳೆದ ವರ್ಷಗಳ ಫೈಲಿಂಗ್ ರಸೀದಿ, ಇಷ್ಟು ಒಂದು ಫೋಲ್ಡರ್‌ಗೆ ಹಾಕಿ. 80ಜಿ ರಸೀದಿ ಕೊಡ್ತಿದ್ರೆ ದಾನಿಗಳ ವಿವರ ಮೇ 31ರೊಳಗೆ ಅಪ್‌ಲೋಡ್ ಆಗ್ಬೇಕು, ದಾನಿಗಳ ಪ್ಯಾನ್ ನಂಬರನ್ನ ದುಡ್ಡು ತಗೊಳ್ಳೋವಾಗ್ಲೇ ಕೇಳಿ, ಆಮೇಲೆ ಕೇಳಿದ್ರೆ ಡಾಕ್ಟರ್‌ಗಳು ಕೊಡೋದು ಜೂನಲ್ಲಿ.

ಜಿಎಸ್‌ಟಿ ವಿಷಯ ಸ್ವಲ್ಪ ಕಗ್ಗಂಟು. ಸದಸ್ಯರಿಂದ ತಗೊಳ್ಳೋ ದುಡ್ಡಿಗೂ ಟ್ಯಾಕ್ಸ್ ಅಂತ 2021ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದ್ರು, ಅದೂ 2017ರ ಜುಲೈಯಿಂದ್ಲೇ ಅನ್ವಯ ಅಂತ. 2025ರ ಏಪ್ರಿಲಲ್ಲಿ ಕೇರಳ ಹೈಕೋರ್ಟು ಐಎಂಎ (ಭಾರತೀಯ ವೈದ್ಯಕೀಯ ಸಂಘ) ಕೇರಳ ಶಾಖೆಯ ಕೇಸಲ್ಲೇ ಆ ತಿದ್ದುಪಡಿ ಸಂವಿಧಾನಕ್ಕೆ ವಿರುದ್ಧ ಅಂತ ಹೇಳ್ತು. ಹಂಗಂತ ನಾಳೆಯಿಂದ ಟ್ಯಾಕ್ಸ್ ಹಾಕೋದು ಬಿಡಿ ಅಂತ ನೀವು ಹೇಳೋಕೆ ಹೋಗ್ಬೇಡಿ, ಅದು ಆಡಿಟರ್ ಮಾತು. ನೀವು ತಿಳ್ಕೊಂಡಿರ್ಬೇಕಾದ್ದು ಇಷ್ಟೇ: ಸದಸ್ಯತ್ವ ಶುಲ್ಕ, ಡೆಲಿಗೇಟ್ ಫೀ, ಸ್ಟಾಲ್ ಬಾಡಿಗೆ, ಸ್ಪಾನ್ಸರ್‌ಶಿಪ್, ದೇಣಿಗೆ, ಈ ಐದೂ ಲೆಕ್ಕದಲ್ಲಿ ಬೇರೆ ಬೇರೆ ಹೆಡ್. ಎಲ್ಲಾ ಒಂದೇ ರಸೀದಿ ಪುಸ್ತಕದಲ್ಲಿ "ಕಾಂಟ್ರಿಬ್ಯೂಷನ್" ಅಂತ ಬರೆದ್ರೆ ಆಡಿಟರ್ ತಲೆ ಮೇಲೆ ಕೈ ಹೊತ್ಕೊಂಡು ಕೂತ್ಕೋತಾರೆ.

ಇನ್ನು ಕಾನ್ಫರೆನ್ಸ್. ವೈದ್ಯರ ಪ್ರಪಂಚದಲ್ಲಿ ಎಲ್ಲಾ ಸಮ್ಮೇಳನಗಳ ಹೆಸರೂ "ಕಾನ್" ಅಂತಾನೇ ಮುಗಿಯೋದು, ಫಿಸಿಶಿಯನ್‌ಗಳದ್ದು ಎಪಿಕಾನ್, ಮಕ್ಕಳ ಡಾಕ್ಟರ್‌ಗಳದ್ದು ಪೆಡಿಕಾನ್, ಸರ್ಜನ್‌ಗಳದ್ದು ಎಎಸ್‌ಐಕಾನ್. ರಾಜ್ಯದ್ದೂ ಒಂದಿರತ್ತೆ, ಪ್ರತಿ ವರ್ಷ ಬೇರೆ ಊರು, ಒಂದ್ಸಲ ಹುಬ್ಬಳ್ಳಿ, ಒಂದ್ಸಲ ಮಂಗಳೂರು, ಒಂದ್ಸಲ ಕಲಬುರಗಿ. ಆ ಊರಿನ ಬ್ರಾಂಚಿನವರು ಆರ್ಗನೈಸಿಂಗ್ ಕಮಿಟಿ ಮಾಡ್ಕೊಂಡು ಬೇರೆ ಬ್ಯಾಂಕ್ ಅಕೌಂಟ್ ತೆಗೀತಾರೆ, ಮುಗಿದ್ಮೇಲೆ ಉಳಿದ ದುಡ್ಡಲ್ಲಿ ರಾಜ್ಯ ಸಂಘಕ್ಕೆ ಇಷ್ಟು ಪಾಲು ಅಂತ ಬೈಲಾದಲ್ಲಿರತ್ತೆ. ಜಗಳ ಆಗೋದೇ ಅಲ್ಲಿ. ಅಕೌಂಟ್ ತೆಗೆಯೋಕೆ ಮುಂಚೆ ಪ್ಯಾನ್ ಯಾರದ್ದು, ಜಿಎಸ್‌ಟಿ ನಂಬರ್ ಯಾರದ್ದು, ಲೆಕ್ಕ ಯಾವ ತಾರೀಕಿಗೆ ಒಪ್ಪಿಸ್ಬೇಕು ಅಂತ ಒಂದು ಪತ್ರ ಸಹಿ ಹಾಕಿಸಿಟ್ಕೊಳ್ಳಿ, ಆ ಪತ್ರದ ಡ್ರಾಫ್ಟ್ ರೆಡಿ ಇಟ್ಕೊಳ್ಳೋದು ನಿಮ್ಮ ಕೆಲ್ಸ.

ಸಮ್ಮೇಳನದ ಮೂರು ದಿನ ಅಂದ್ರೆ ಮದುವೆ ಮನೆನೇ, ಒಂದೇ ವ್ಯತ್ಯಾಸ ಅಂದ್ರೆ ಇಲ್ಲಿ ಪ್ರತಿಯೊಬ್ಬರೂ ಗಂಡಿನ ಕಡೆಯವರು. ಸ್ಪಾಟ್ ರಿಜಿಸ್ಟ್ರೇಶನ್ ಕೌಂಟರಲ್ಲಿ ಕಿಟ್ ಬ್ಯಾಗ್ ಖಾಲಿ, ಬ್ಯಾಡ್ಜಲ್ಲಿ ಹೆಸರಿನ ಸ್ಪೆಲ್ಲಿಂಗ್ ತಪ್ಪು, ಹಾಲ್ ಎ ಸ್ಪೀಕರ್ ಹಾಲ್ ಸಿ ನಲ್ಲಿ ಕೂತಿರ್ತಾರೆ. ಇದೆಲ್ಲಾ ಹೇಗೋ ನಡ್ಕೊಂಡು ಹೋಗತ್ತೆ. ನಡ್ಕೊಂಡು ಹೋಗದೇ ಇರೋದು ವೇದಿಕೆ. ಉದ್ಘಾಟನೆ ದಿನ ಯಾರ ಪಕ್ಕ ಯಾರು, ಯಾರಿಗೆ ಮೊದ್ಲು ಹಾರ ಶಾಲು ಮೈಸೂರು ಪೇಟ, ದೀಪ ಬೆಳಗೋಕೆ ಎಷ್ಟು ಜನ, ಸ್ವಾಗತ ಭಾಷಣದಲ್ಲಿ ಯಾರ ಹೆಸರು ಬಿಟ್ಟೋಯ್ತು, ಇದು ಹತ್ತು ವರ್ಷ ನೆನಪಲ್ಲಿರತ್ತೆ. ಹಿಂದಿನ ದಿನ ಸಂಜೆನೇ ಆಸನದ ಪಟ್ಟಿ ಮಾಡಿ ಪ್ರೆಸಿಡೆಂಟ್, ಸೆಕ್ರೆಟರಿ, ಆರ್ಗನೈಸಿಂಗ್ ಚೇರ್ಮನ್ ಮೂವರ ಓಕೆ ವಾಟ್ಸಾಪಲ್ಲಿ ತಗೊಳ್ಳಿ. ಎರಡು ಶಾಲು, ಎರಡು ಮೊಮೆಂಟೊ ಯಾವಾಗ್ಲೂ ಎಕ್ಸ್‌ಟ್ರಾ ಇರ್ಲಿ, ಕರೆಯದೇ ಇರೋ ಹಿರಿಯರು ವೇದಿಕೆ ಹತ್ತೇ ಹತ್ತುತ್ತಾರೆ.

ಸಿಎಂಇ (ಡಾಕ್ಟರ್‌ಗಳ ಮುಂದುವರಿದ ಕಲಿಕೆ) ಕ್ರೆಡಿಟ್ ಬಗ್ಗೆನೂ ಹೇಳ್ಬೇಕು. ಕರ್ನಾಟಕ ಮೆಡಿಕಲ್ ಕೌನ್ಸಿಲಲ್ಲಿ (ಕೆಎಂಸಿ) ಡಾಕ್ಟರ್‌ಗಳು ಐದು ವರ್ಷಕ್ಕೊಂದ್ಸಲ ನೋಂದಣಿ ನವೀಕರಣ ಮಾಡಿಸ್ಬೇಕು, ಅದಕ್ಕೆ 30 ಕ್ರೆಡಿಟ್ ಅವರ್ ಬೇಕು. ಅದಕ್ಕೇ ಎಷ್ಟೋ ಜನ ಕಾನ್ಫರೆನ್ಸಿಗೆ ಬರೋದೇ. ಕೌನ್ಸಿಲ್‌ಗೆ ಕಾರ್ಯಕ್ರಮಕ್ಕೆ ಮುಂಚೆನೇ ಅರ್ಜಿ ಹೋಗಿರ್ಬೇಕು, ಯಾವ ಟಾಪಿಕ್, ಯಾವ ಸ್ಪೀಕರ್, ಎಷ್ಟು ಗಂಟೆ ಅನ್ನೋದೆಲ್ಲಾ ಹಾಕಿ. ಸೈಂಟಿಫಿಕ್ ಕಮಿಟಿಯವರು ಪ್ರೋಗ್ರಾಮನ್ನ ಕೊನೇ ನಿಮಿಷದವರೆಗೂ ಬದಲಾಯಿಸ್ತಾನೇ ಇರ್ತಾರೆ, ನೀವು ಒಂದು ತಾರೀಕು ಹಾಕಿ "ಇವತ್ತು ಫ್ರೀಜ್ ಸರ್" ಅನ್ನದೇ ಇದ್ರೆ ಅರ್ಜಿನೇ ಹೋಗಲ್ಲ. ಅಟೆಂಡೆನ್ಸ್ ಶೀಟಲ್ಲಿ ಕೆಎಂಸಿ ನಂಬರ್ ಕಾಲಮ್ ಇರ್ಲೇಬೇಕು, ಇಲ್ಲಾಂದ್ರೆ ಕಾರ್ಯಕ್ರಮ ಮುಗಿದ್ಮೇಲೆ ಆರು ತಿಂಗಳು "ನನ್ನ ಸರ್ಟಿಫಿಕೇಟ್ ಬಂದಿಲ್ಲ" ಅನ್ನೋ ಫೋನೇ. ಫಾರಿನ್ ಸ್ಪೀಕರ್ ಬರ್ತಾರಂದ್ರೆ ಟೂರಿಸ್ಟ್ ವೀಸಾದಲ್ಲಿ ಬರೋದು ಬೇಡ, ಕಾನ್ಫರೆನ್ಸ್ ವೀಸಾ ಬೇರೆ ಇದೆ, ಆಹ್ವಾನ ಪತ್ರ ಅಸೋಸಿಯೇಷನ್ ಲೆಟರ್‌ಹೆಡ್ಡಲ್ಲೇ ಹೋಗ್ಬೇಕು. ಇನ್ನು ಫಾರಿನ್ ಸಂಸ್ಥೆ ದುಡ್ಡು ಕೊಡ್ತೀನಿ ಅಂದ್ರೆ ಖುಷಿಯಾಗಿ ಅಕೌಂಟ್ ನಂಬರ್ ಕಳ್ಸ್ಬೇಡಿ, ವಿದೇಶಿ ದೇಣಿಗೆಗೆ ಎಫ್‌ಸಿಆರ್‌ಎ ಅಂತ ಒಂದು ಕಾಯ್ದೆ ಇದೆ, ಮೊದ್ಲು ಆಡಿಟರ್‌ನ ಕೇಳಿ.

ಔಷಧಿ ಕಂಪನಿಗಳ ವಿಷಯದಲ್ಲಿ ನಿಮ್ಮ ಆಫೀಸು ಯಾವಾಗ್ಲೂ ಎಚ್ಚರವಾಗಿರ್ಬೇಕು, ಇದನ್ನ ನಾನು ಒತ್ತಿ ಹೇಳ್ತೀನಿ. ಡಾಕ್ಟರ್‌ಗಳು ಕಂಪನಿಗಳಿಂದ ಗಿಫ್ಟು, ಪ್ರವಾಸ, ಹೋಟೆಲ್ ತಗೊಳ್ಳೋ ಹಾಗಿಲ್ಲ ಅಂತ 2009ರಲ್ಲೇ ಆಗಿನ ಮೆಡಿಕಲ್ ಕೌನ್ಸಿಲ್ ಆಫ್ ಇಂಡಿಯಾ ನಿಯಮ ಮಾಡ್ತು. ಅದರಲ್ಲಿ ಡಾಕ್ಟರ್‌ಗಳ ಸಂಘಗಳೂ ಸೇರಿದ್ವು, 2016ರಲ್ಲಿ ಸಂಘಗಳನ್ನ ಆ ನಿಯಮದಿಂದ ಕೈಬಿಟ್ರು. ಅದು ಒಳ್ಳೇದಾ ಕೆಟ್ಟದಾ ಅಂತ ಡಾಕ್ಟರ್‌ಗಳಲ್ಲೇ ಎರಡು ಮಾತಿದೆ, ನನ್ನ ಪ್ರಕಾರ ಬಿಟ್ಟಿದ್ದು ಸರಿಯಲ್ಲ. ಹಂಗಂತ ಈಗ ಪೂರ್ತಿ ಬಾಗಿಲು ತೆಗೆದಿದೆ ಅಂತ ಅಲ್ಲ. 2024ರ ಮಾರ್ಚಲ್ಲಿ ಕೇಂದ್ರದ ಔಷಧ ಇಲಾಖೆ ಕಂಪನಿಗಳ ಮಾರ್ಕೆಟಿಂಗಿಗೆ ಹೊಸ ಸಂಹಿತೆ ತಂತು, ಯುಸಿಪಿಎಂಪಿ ಅಂತ ಎಲ್ರೂ ಕರೀತಾರೆ. ಅದರ ಪ್ರಕಾರ ಸಂಘಗಳು ಸಿಎಂಇ ನಡೆಸಬಹುದು, ಕಂಪನಿ ಸಹಾಯ ಮಾಡಬಹುದು, ಆದ್ರೆ ವಿದೇಶದಲ್ಲಿ ಇಟ್ಕೊಳ್ಳೋ ಹಾಗಿಲ್ಲ, ಸ್ಪೀಕರ್ ಅಲ್ಲದ ಡಾಕ್ಟರ್‌ಗೆ ಟಿಕೆಟು ರೂಮು ಕೊಡೋ ಹಾಗಿಲ್ಲ, ಖರ್ಚಿನ ವಿವರ ಕಂಪನಿ ತನ್ನ ವೆಬ್‌ಸೈಟಲ್ಲಿ ಹಾಕ್ಬೇಕು. ಹಂಗಾಗಿ ಕಂಪನಿಯವರು ಈಗ ಪ್ರತಿ ರೂಪಾಯಿಗೂ ಪತ್ರ ಕೇಳ್ತಾರೆ, ಪ್ರೋಗ್ರಾಮ್ ಶೀಟು, ಸ್ಪೀಕರ್ ಲಿಸ್ಟು, ಇನ್‌ವಾಯ್ಸು, ಎಲ್ಲಾ. ಆ ಪತ್ರಗಳಿಗೆ ಸಹಿ ಆಫೀಸ್ ಬೇರರ್‌ದು (ಪದಾಧಿಕಾರಿಗಳದ್ದು), ಟೈಪ್ ಮಾಡೋದು ನೀವು, ನಡೆಯದೇ ಇದ್ದ ಸೆಷನ್ ಹೆಸರಲ್ಲಿ ಒಂದು ಪತ್ರ ಮಾಡ್ಕೊಡಮ್ಮಾ ಅಂತ ಯಾರಾದ್ರೂ ಕೇಳಿದ್ರೆ "ಸೆಕ್ರೆಟರಿಯಿಂದ ಒಂದು ಮೇಲ್ ಹಾಕಿಸಿ ಸರ್" ಅನ್ನಿ, ಮೇಲ್ ಬರಲ್ಲ, ವಿಷಯ ಅಲ್ಲಿಗೇ ಮುಗಿಯತ್ತೆ.

ಅದೇ ತರ ಸದಸ್ಯರ ಲಿಸ್ಟು. ಸಾವಿರಾರು ಸ್ಪೆಷಲಿಸ್ಟ್‌ಗಳ ಮೊಬೈಲ್ ನಂಬರ್, ಕ್ಲಿನಿಕ್ ವಿಳಾಸ, ಹುಟ್ಟಿದ ದಿನ ಒಂದೇ ಎಕ್ಸೆಲ್ ಶೀಟಲ್ಲಿ ನಿಮ್ಮ ಕಂಪ್ಯೂಟರಲ್ಲಿರತ್ತೆ. ಮೆಡಿಕಲ್ ರೆಪ್‌ಗಳು, ಇನ್ಶೂರೆನ್ಸ್ ಏಜೆಂಟ್‌ಗಳು, ಸೈಟ್ ಮಾರೋರು ಎಲ್ರಿಗೂ ಅದೇ ಬೇಕು, ಸ್ವೀಟ್ ಬಾಕ್ಸ್ ಹಿಡ್ಕೊಂಡು ಬರ್ತಾರೆ. ಕೊಡ್ಬೇಡಿ. ಜನರ ವೈಯಕ್ತಿಕ ಮಾಹಿತಿ ಕಾಪಾಡೋ ಡಿಪಿಡಿಪಿ ಕಾಯ್ದೆ 2023ರಲ್ಲೇ ಪಾಸಾಗಿದೆ, ಸದಸ್ಯರು ಸಂಘದ ಕೆಲ್ಸಕ್ಕೆ ಅಂತ ಕೊಟ್ಟ ನಂಬರನ್ನ ಬೇರೆಯವರ ವ್ಯಾಪಾರಕ್ಕೆ ಕೊಡೋ ಹಕ್ಕು ಆಫೀಸಿಗಿಲ್ಲ. ಸ್ವೀಟ್ ತಿನ್ನಿ, ಪರವಾಗಿಲ್ಲ.

ಈ ಲಿಸ್ಟಿಗೆ ನಿಜವಾದ ಬೆಲೆ ಬರೋದು ಎಲೆಕ್ಷನ್ ಟೈಮಲ್ಲಿ. ಡಾಕ್ಟರ್‌ಗಳ ಸಂಘದ ಚುನಾವಣೆ ಅಂದ್ರೆ ಸಣ್ಣದು ಅಂದ್ಕೋಬೇಡಿ, ವೈಸ್ ಪ್ರೆಸಿಡೆಂಟ್ ಸ್ಥಾನಕ್ಕೆ ಮೈಸೂರು ಕಡೆಯವರು, ಬೆಳಗಾವಿ ಕಡೆಯವರು, ಇಂಥ ಕಾಲೇಜಿನ ಬ್ಯಾಚಿನವರು ಅಂತ ಗುಂಪುಗಳಾಗ್ತವೆ. ಇಬ್ರು ಅಭ್ಯರ್ಥಿಗಳೂ ನಿಮಗೆ ಗೊತ್ತಿರೋರೇ, ಇಬ್ರೂ ನಿಮ್ಮ ಮಗಳ ಜ್ವರಕ್ಕೆ ಫೋನಲ್ಲೇ ಔಷಧಿ ಹೇಳಿರ್ತಾರೆ. ಮತದಾರರ ಪಟ್ಟಿ ಬೈಲಾದಲ್ಲಿ ಹೇಳಿದ ದಿನ, ಹೇಳಿದ ರೂಪದಲ್ಲಿ, ಇಬ್ರಿಗೂ ಒಂದೇ ಮೇಲಲ್ಲಿ ಹೋಗ್ಬೇಕು. ತೀರಿಹೋದವರ ಹೆಸರು ಪಟ್ಟಿಯಲ್ಲಿ ಉಳ್ಕೊಂಡಿದ್ರೆ ದೊಡ್ಡ ರಾದ್ಧಾಂತ ಆಗತ್ತೆ, ಲೈಫ್ ಮೆಂಬರ್‌ಗಳ ಪಟ್ಟಿಯನ್ನ ವರ್ಷಕ್ಕೊಂದ್ಸಲ ಬ್ರಾಂಚ್ ಸೆಕ್ರೆಟರಿಗಳಿಗೆ ಕಳ್ಸಿ ಸರಿ ಮಾಡಿಸಿ. ನಾಮಪತ್ರ ತಗೊಂಡ ಟೈಮ್ ಬರೆದು ಸೀಲ್ ಹಾಕಿ, ಐದಕ್ಕೆ ಕೊನೆ ಅಂದ್ರೆ ಐದೂ ಐದಕ್ಕೆ ಬಂದವರು ಯಾರೇ ಆಗಿರ್ಲಿ ಟೈಮನ್ನ ಐದೂ ಐದು ಅಂತಾನೇ ಬರೀರಿ, ತಗೋಬೇಕೋ ಬೇಡ್ವೋ ಅನ್ನೋದು ಎಲೆಕ್ಷನ್ ಆಫೀಸರ್ ತಲೆನೋವು.

ತೀರಿಹೋದವರು ಅಂದೆ. ಎಷ್ಟೋ ಸಂಘಗಳಲ್ಲಿ ಫ್ಯಾಮಿಲಿ ಬೆನಿಫಿಟ್ ಸ್ಕೀಮ್ ಇರತ್ತೆ, ಸದಸ್ಯರು ತೀರಿಹೋದ್ರೆ ಕುಟುಂಬಕ್ಕೆ ಇಷ್ಟು ಅಂತ. ಒಂದಿನ ಡಾಕ್ಟರ್ ಹೆಂಡ್ತಿ ಒಂದು ಪ್ಲಾಸ್ಟಿಕ್ ಕವರಲ್ಲಿ ಇದ್ದಬದ್ದ ಪೇಪರೆಲ್ಲಾ ಹಾಕ್ಕೊಂಡು ನಿಮ್ಮ ಎದುರಿಗೆ ಬಂದು ಕೂತ್ಕೋತಾರೆ. ಆಗ ನಾಮಿನಿ ಫಾರ್ಮ್ ಫೈಲಲ್ಲಿದ್ರೆ ಎರಡು ವಾರದ ಕೆಲ್ಸ, ಇಲ್ಲದಿದ್ರೆ ಅವರನ್ನ ವಾರಸುದಾರ ಪತ್ರಕ್ಕೆ ಅಲೆಸ್ಬೇಕಾಗತ್ತೆ. ನಾಮಿನಿ ಹೆಸರು ಖಾಲಿ ಬಿಟ್ಟಿರೋ ಸದಸ್ಯರಿಗೆ ಬಿಡುವಿದ್ದಾಗ ಒಬ್ಬೊಬ್ಬರಿಗೇ ಫೋನ್ ಮಾಡಿ ತುಂಬಿಸ್ತಾ ಬನ್ನಿ. ಇದನ್ನ ಮಾಡಿ ಅಂತ ನಿಮಗೆ ಯಾರೂ ಹೇಳಲ್ಲ.

ಕನ್ನಡ ಚೆನ್ನಾಗಿ ಬರತ್ತೆ ಅಂದ್ರೆ ನಿಮಗೆ ಬೆಲೆ ಜಾಸ್ತಿ. 2017ರ ನವೆಂಬರಲ್ಲಿ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ರಾಜ್ಯ ಕಾಯ್ದೆ) ತಿದ್ದುಪಡಿ ವಿರುದ್ಧ ಖಾಸಗಿ ಡಾಕ್ಟರ್‌ಗಳು ಬೆಳಗಾವಿಯಲ್ಲಿ ಧರಣಿ ಕೂತಾಗ, 2024ರ ಆಗಸ್ಟ್ 17ಕ್ಕೆ ಕೋಲ್ಕತ್ತಾದ ವೈದ್ಯೆಯ ಕೊಲೆ ಖಂಡಿಸಿ ಐಎಂಎ ದೇಶಾದ್ಯಂತ 24 ಗಂಟೆ ಓಪಿಡಿ ಬಂದ್ ಕರೆ ಕೊಟ್ಟಾಗ, ಇಂಥ ದಿನಗಳಲ್ಲಿ ಪತ್ರಿಕಾ ಪ್ರಕಟಣೆ, ಡಿಸಿಗೆ ಮನವಿ ಪತ್ರ ಎಲ್ಲಾ ಒಂದು ಗಂಟೆಯೊಳಗೆ ಕನ್ನಡದಲ್ಲಿ ಬೇಕಾಗತ್ತೆ. ಡಾಕ್ಟರ್ ಇಂಗ್ಲಿಷಲ್ಲಿ ಹೇಳ್ತಾ ಹೋಗ್ತಾರೆ, ನೀವು ಕನ್ನಡದಲ್ಲಿ ಟೈಪ್ ಮಾಡ್ತಾ ಹೋಗ್ಬೇಕು, ಯೂನಿಕೋಡ್, ನುಡಿ ಸಾಫ್ಟ್‌ವೇರ್ ಎರಡೂ ಬರ್ಬೇಕು. ಎಮರ್ಜೆನ್ಸಿ ಸೇವೆ ಇರತ್ತೆ ಅನ್ನೋ ಸಾಲು ಮೊದಲ ಪ್ಯಾರಾದಲ್ಲೇ ಇರ್ಲಿ, ಜನ ಹುಡುಕೋದು ಅದನ್ನೇ.

ಸಂಬಳಕ್ಕೆ ಬರ್ತೀನಿ. ಜಾಸ್ತಿ ಇರಲ್ಲ, ಅದು ನಿಜ. ಪಿಎಫ್ ಸಾಮಾನ್ಯವಾಗಿ 20 ಜನ ಇದ್ರೆ ಕಡ್ಡಾಯ, ಇಎಸ್‌ಐ 10 ಜನ ಇದ್ರೆ, ಅದೂ 21,000 ರೂಪಾಯಿ ಸಂಬಳದವರೆಗೆ. ಮೂರು ಜನರ ಆಫೀಸಿಗೆ ಎರಡೂ ಕಡ್ಡಾಯ ಅಲ್ಲ. ಈಗ ನೀವಿರೋ ಆಸ್ಪತ್ರೆಯಲ್ಲಿ ಇವೆಲ್ಲಾ ಬರ್ತಿದ್ರೆ ಆ ದುಡ್ಡನ್ನೂ ಸೇರಿಸಿ ಲೆಕ್ಕ ಹಾಕಿ, ಆಗ ಸ್ವಲ್ಪ ಜಾಸ್ತಿ ಅಂದ್ಕೊಂಡಿದ್ದು ಕಡಿಮೆನೇ ಇರಬಹುದು. ಡಾಕ್ಟರ್‌ಗಳ ಆಫೀಸಲ್ಲೇ ಸ್ಟಾಫಿಗೆ ಹೆಲ್ತ್ ಇನ್ಶೂರೆನ್ಸ್ ಇಲ್ಲ ಅನ್ನೋದು ನೋಡಿದ್ರೆ ನಗು ಬರತ್ತೆ, ಆದ್ರೆ ಬಹಳ ಕಡೆ ಹಂಗೇ ಇದೆ, ಅದನ್ನ ಕೇಳಿ ತಗೊಳ್ಳಿ, ಕೇಳಿದ್ರೆ ಕೊಡ್ತಾರೆ. ರಾತ್ರಿ ಮೀಟಿಂಗ್ ಆದ್ರೆ ಮನೆಗೆ ಕ್ಯಾಬ್, ಭಾನುವಾರ ಬಂದ್ರೆ ಬದಲಿ ರಜೆ, ಇವೂ ಬರವಣಿಗೆಯಲ್ಲಿರ್ಲಿ. ಇನ್ನೊಂದು, ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ಹತ್ತು ಜನಕ್ಕಿಂತ ಕಡಿಮೆ ಇರೋ ಆಫೀಸಿಗೆ ಒಳಗೆ ಕಮಿಟಿ ಇರಲ್ಲ, ದೂರಿದ್ರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಕೊಡ್ಬೇಕು, ಇದು ಗೊತ್ತಿರ್ಲಿ.

ಭವಿಷ್ಯ ಅಂದ್ರೆ, ಆ ಆಫೀಸೊಳಗೇ ಮೇಲೆ ಹತ್ತೋಕೆ ಮೆಟ್ಟಿಲು ಕಡಿಮೆ, ಮ್ಯಾನೇಜರ್ ಅಂತ ಹೆಸರು ಬದಲಾಗಬಹುದು ಅಷ್ಟೇ. ಹೊರಗೆ ಮಾತ್ರ ದಾರಿ ಇದೆ. ಕಾನ್ಫರೆನ್ಸ್ ನಡೆಸೋ ಏಜೆನ್ಸಿಗಳು, ದೊಡ್ಡ ಆಸ್ಪತ್ರೆಗಳ ಅಕಾಡೆಮಿಕ್ ವಿಭಾಗ, ಮೆಡಿಕಲ್ ಕಾಲೇಜಿನ ಡೀನ್ ಆಫೀಸು, ರಾಷ್ಟ್ರ ಮಟ್ಟದ ಸಂಘಗಳ ಸೆಕ್ರೆಟೇರಿಯೆಟ್, ಇಲ್ಲೆಲ್ಲಾ ಡಾಕ್ಟರ್‌ಗಳ ಜೊತೆ ಏಗಿ ಗೊತ್ತಿರೋರಿಗೆ ಬೇಡಿಕೆ ಇದೆ. ಮೂರು ವರ್ಷ ಮೂರು ಪ್ರೆಸಿಡೆಂಟ್ ಕೆಳಗೆ ಕೆಲ್ಸ ಮಾಡಿದ್ರೆ ಮೂರು ಊರಿನ ಮೂರು ದೊಡ್ಡ ಡಾಕ್ಟರ್‌ಗಳು ನಿಮಗೆ ರೆಫರೆನ್ಸ್ ಕೊಡೋರು ಸಿಕ್ಕಿರ್ತಾರೆ.

ನನ್ನ ಕೇಳಿದ್ರೆ ಒಪ್ಕೊಳ್ಳಿ ಅಂತೀನಿ, ಆದ್ರೆ ಇಂಟರ್‌ವ್ಯೂನಲ್ಲಿ ನೀವೂ ಕೇಳಿ: ನಾನು ಯಾರಿಗೆ ರಿಪೋರ್ಟ್ ಮಾಡ್ಬೇಕು, ಪ್ರೆಸಿಡೆಂಟ್‌ಗಾ ಸೆಕ್ರೆಟರಿಗಾ? ಇಂಕ್ರಿಮೆಂಟ್ ಯಾರು ತೀರ್ಮಾನ ಮಾಡ್ತಾರೆ, ಯಾವ ತಿಂಗಳು? ನನಗೆ ಮುಂಚೆ ಈ ಕುರ್ಚಿಯಲ್ಲಿದ್ದವರು ಎಷ್ಟು ವರ್ಷ ಇದ್ರು, ಯಾಕೆ ಬಿಟ್ರು? ಪ್ರೆಸಿಡೆಂಟ್ ಅವರ ಸ್ವಂತ ಕ್ಲಿನಿಕ್ ಕೆಲ್ಸನೂ ನಾನೇ ನೋಡ್ಬೇಕಾ? ಕೊನೇ ಪ್ರಶ್ನೆಗೆ ಅವರು ನಕ್ಕು "ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕಮ್ಮಾ" ಅಂದ್ರೆ ಎಷ್ಟು ಅಂತ ಅಲ್ಲೇ ಕೇಳಿ. ಆಫರ್ ಲೆಟರ್ ಅಸೋಸಿಯೇಷನ್ ಲೆಟರ್‌ಹೆಡ್ಡಲ್ಲಿ, ಇಸಿ ರೆಸಲ್ಯೂಶನ್ ತಾರೀಕು ನಮೂದಿಸಿ, ಸೆಕ್ರೆಟರಿ ಸಹಿ ಮಾಡಿ ಬರ್ಬೇಕು. ಡಾಕ್ಟರ್ ಅವರ ಆಸ್ಪತ್ರೆ ಲೆಟರ್‌ಹೆಡ್ಡಲ್ಲಿ ಬಂದ್ರೆ ವಾಪಸ್ ಕಳ್ಸಿ ಬದಲಾಯಿಸಿ ಕೊಡೋಕೆ ಹೇಳಿ, ಅದು ಬಂದ್ಮೇಲೆ ಈಗಿನ ಕೆಲ್ಸಕ್ಕೆ ರಾಜೀನಾಮೆ ಕೊಡಿ.